ಬೆಣಚುಕಲ್ಲಿನ ಧೂಳು

ಕೋಲಾರದ ಸೀಮೆಯಲ್ಲಿ ಹೊಲ ಉಳುವಾಗ ನೇಗಿಲಿನ ಕುಳಕ್ಕೆ ತಗುಲಿ ಮೇಲಕ್ಕೆ ಬರುವ ಬಿಳಿಯ ಬೆಣಚುಕಲ್ಲನ್ನು ಕಾಣದೆ ಬೆಳೆದ ಹುಡುಗರು ಇರಲಾರರು. ಕತ್ತಲೆಯಲ್ಲಿ ಅಂತಹ ಎರಡು ಕಲ್ಲುಗಳನ್ನು ಒಂದಕ್ಕೊಂದು ತಿಕ್ಕಿ ಕಿಡಿ ಹಾರುವುದನ್ನು ನೋಡುವುದೂ, ಆ ಕಿಡಿಯ ಬೆನ್ನಿಗೇ ಏಳುವ ಕಮಟು ವಾಸನೆಯನ್ನು ಮೂಗಿನ ಹತ್ತಿರಕ್ಕೆ ತಂದು ಮೂಸುವುದೂ ಹಳ್ಳಿಯ ಮಕ್ಕಳಿಗೆ ಒಂದು ಆಟ. ಇದೇ ಬೆಣಚುಕಲ್ಲು ನೆಲದ ಆಳದಲ್ಲಿ, ಕಪ್ಪುಶಿಲೆಯ ಪದರಗಳ ನಡುವೆ, ಎಲ್ಲಿಯೋ ಗೇಣಗಲವಾಗಿ, ಎಲ್ಲಿಯೋ ಮಾರಗಲವಾಗಿ, ನರದಂತೆ ಹರಿದುಹೋಗಿ, ತನ್ನ ಒಡಲಿನಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಚಿನ್ನವನ್ನು ಅಡಗಿಸಿಕೊಂಡಿದ್ದುದರಿಂದಲೇ ಕೋಲಾರದ ಚಿನ್ನದ ಗಣಿಗಳೆಂಬ ಊರು ಹುಟ್ಟಿತು. ನೂರಿಪ್ಪತ್ತು ವರ್ಷಗಳ ಕಾಲದಲ್ಲಿ ಅಲ್ಲಿ ಸುಮಾರು 5 ಕೋಟಿ ಟನ್ನು ಕಲ್ಲನ್ನು ಒಡೆದು, ಅರೆದು, 800 ಟನ್ನಿನಷ್ಟು ಚಿನ್ನವನ್ನು ತೆಗೆದರು. ಎಂದರೆ ಒಂದು ಟನ್ನು ಕಲ್ಲಿಗೆ ಸರಾಸರಿ 16 ಗ್ರಾಮು, ಒಂದು ಸಣ್ಣ ಸರಕ್ಕೆ ಸಾಲುವಷ್ಟು. ಆ ಸರವನ್ನು ತೊಟ್ಟವರ ಚರಿತ್ರೆ ಬೇರೆ. ಆ ಟನ್ನು ಕಲ್ಲನ್ನು ಒಡೆಯುವಾಗ ಎದ್ದ ಧೂಳನ್ನು ಉಸಿರಾಡಿದವರ ಚರಿತ್ರೆಯನ್ನು ಇಲ್ಲಿ ಹೇಳಬೇಕಾಗಿದೆ.

ಬೆಣಚುಕಲ್ಲೆಂದರೆ ಹೆಚ್ಚುಕಡಿಮೆ ಶುದ್ಧವಾದ ಸಿಲಿಕ. ಅದನ್ನು ಒಡೆದಾಗ ಕಣ್ಣಿಗೆ ಕಾಣುವಂತೆ ಏಳುವ ದಪ್ಪ ಧೂಳು ಅಷ್ಟಾಗಿ ಅಪಾಯಕರವಲ್ಲ. ಮೂಗಿನ ರೋಮಗಳೂ ಗಂಟಲಿನ ಕಫವೂ ಅದನ್ನು ತಡೆದು ಹೊರಕ್ಕೆ ಹಾಕುತ್ತವೆ. ಒಂದು ಮಿಲಿಮೀಟರನ್ನು 1,000 ಭಾಗ ಮಾಡಿದರೆ ಅದರ ಐದು ಭಾಗಕ್ಕಿಂತಲೂ ಕಿರಿದಾದ ಕಣವೇ ನಿಜವಾದ ಶತ್ರು. ಅದು ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತಿದ್ದು, ಉಸಿರಿನೊಡನೆ ಶ್ವಾಸಕೋಶದ ಕಟ್ಟಕಡೆಯ ಗೂಡುಗಳವರೆಗೂ ಹೋಗಿ ಸೇರುತ್ತದೆ. ಅಲ್ಲಿ ಕಾವಲಿರುವ ಜೀವಕೋಶಗಳು, ಬಂದ ಪರಕೀಯ ವಸ್ತುವನ್ನೆಲ್ಲ ನುಂಗಿ ಜೀರ್ಣಿಸಿಕೊಳ್ಳುವುದು ತಮ್ಮ ಧರ್ಮವಾದುದರಿಂದ, ಈ ಕಣವನ್ನೂ ನುಂಗುತ್ತವೆ. ನುಂಗಿ ತಾವೇ ಸಾಯುತ್ತವೆ. ಅವು ಸತ್ತು ಬಿಟ್ಟುಕೊಟ್ಟ ಕಣವನ್ನು ಮತ್ತೊಂದು ಜೀವಕೋಶ ನುಂಗುತ್ತದೆ. ಹೀಗೆ ಸತ್ತೆಡೆಯಲ್ಲೆಲ್ಲ ಗಾಯವು ಮಾಯ್ದು ಗಂಟುಕಟ್ಟಿ, ಸ್ಪಂಜಿನಂತೆ ಮೆತ್ತಗಿರಬೇಕಾದ ಶ್ವಾಸಕೋಶವು ವರ್ಷ ವರ್ಷಕ್ಕೆ ಬಿರುಸಾಗುತ್ತ ಬರುತ್ತದೆ. ಮೊದಲು ದಿಬ್ಬ ಹತ್ತುವಾಗ ಏದುಸಿರು. ಆಮೇಲೆ ಸಮನೆಲದಲ್ಲಿ ನಡೆಯುವಾಗಲೂ ದಮ್ಮು. ಕೊನೆಗೆ ಮಂಚದ ಮೇಲೆ ಕುಳಿತಲ್ಲಿಯೇ ಎರಡು ಕೈಗಳನ್ನೂ ಊರಿಕೊಂಡು ಉಸಿರನ್ನು ಎಳೆದುಕೊಳ್ಳಬೇಕಾದ ಸ್ಥಿತಿ. ಇಂತಹ ಶ್ವಾಸಕೋಶದಲ್ಲಿ ಕ್ಷಯದ ಕ್ರಿಮಿ ಬಹು ಸುಲಭವಾಗಿ ಮನೆ ಮಾಡುತ್ತದೆ. ಒಮ್ಮೆ ಬಿರುಸಾದುದನ್ನು ಮತ್ತೆ ಮೆತ್ತಗೆ ಮಾಡುವ ಔಷಧಿ ಈ ಹೊತ್ತಿಗೂ ಇಲ್ಲ. ಧೂಳನ್ನು ಉಸಿರಾಡದಂತೆ ನೋಡಿಕೊಳ್ಳುವುದೊಂದೇ ಇದಕ್ಕೆ ಚಿಕಿತ್ಸೆ.

ಧೂಳಿಗೂ ಸಾವಿಗೂ ಇರುವ ಈ ಸಂಬಂಧವನ್ನು ಮನುಷ್ಯನು ನಿನ್ನೆ ಮೊನ್ನೆ ಕಂಡುಕೊಂಡದ್ದಲ್ಲ. ಗಣಿಗಾರಿಕೆಯನ್ನು ಕುರಿತು 1556ರಲ್ಲಿ ಪ್ರಕಟವಾದ ಅಗ್ರಿಕೋಲನ ಮಹಾಗ್ರಂಥದಲ್ಲಿ, ಕಾರ್ಪೇಥಿಯನ್ ಪರ್ವತಗಳ ಗಣಿಗಳ ಬಳಿ ಏಳು ಮಂದಿ ಗಂಡಂದಿರನ್ನು ಒಬ್ಬೊಬ್ಬರಂತೆ ಮಣ್ಣುಮಾಡಿದ ಹೆಂಗಸರು ಇದ್ದರೆಂಬ ಮಾತು ಬರುತ್ತದೆ. 1700ರಲ್ಲಿ ಇಟಲಿಯ ವೈದ್ಯ ರಾಮಜ್ಜೀನಿಯು ಕಸುಬುಗಳಿಂದ ಬರುವ ರೋಗಗಳನ್ನೆಲ್ಲ ಒಂದೆಡೆ ಸೇರಿಸಿ ಗ್ರಂಥ ಬರೆದಾಗ ಕಲ್ಲುಕುಟಿಗರನ್ನು ಮರೆಯಲಿಲ್ಲ. ‘ಸಿಲಿಕೋಸಿಸ್’ ಎಂಬ ಹೆಸರು 1870ರಲ್ಲಿ ವಿಸ್ಕೋಂತಿಯೆಂಬ ಮತ್ತೊಬ್ಬ ಇಟಲಿಯವನಿಂದ ಬಂದಿತು. ಎಂದರೆ, ಕೋಲಾರದಲ್ಲಿ ಆಧುನಿಕ ಗಣಿಗಾರಿಕೆ ಕಣ್ಣು ಬಿಡುವ ಹೊತ್ತಿಗಾಗಲೇ ರೋಗಕ್ಕೆ ಹೆಸರೂ ಇತ್ತು, ಅದರ ಕಾರಣವೂ ಪಂಡಿತರಿಗೆ ಗೊತ್ತಿತ್ತು. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಂಡು ಮುಂದುವರಿಯಬೇಕೆಂದು ನನ್ನ ಪ್ರಾರ್ಥನೆ.

ಕೋಲಾರದ ಚಿನ್ನ ಹಳೆಯದು. 1802ರಲ್ಲಿ ಮೈಸೂರು ಸಂಸ್ಥಾನದ ಮೂಡಣ ಗಡಿಯನ್ನು ಅಳೆಯುತ್ತಿದ್ದ ಜಾನ್ ವಾರನ್ ಎಂಬ ಸೈನ್ಯಾಧಿಕಾರಿಗೆ, ಉರಿಗಾಂ ಮಾರಿಕುಪ್ಪಗಳ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣಗಳನ್ನು ತೆಗೆದು ತೋರಿಸಿದ್ದರು. 1870ರ ದಶಕದಲ್ಲಿ ಲ್ಯಾವೆಲ್ ಎಂಬ ಐರಿಷ್ ಸೈನಿಕನು ಸರ್ಕಾರದಿಂದ ಅಗೆಯುವ ಹಕ್ಕು ಪಡೆದನು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಮತ್ತು ಮಕ್ಕಳ ಸಂಸ್ಥೆ ಕಾಲಿಟ್ಟ ಕೆಲವೇ ವರ್ಷಗಳಲ್ಲಿ ಚಾಂಪಿಯನ್ ರೀಫ್ ಎಂದು ಆಮೇಲೆ ಹೆಸರಾದ ಮಹಾನಾಳವು ಸಿಕ್ಕಿ, ಮೈಸೂರು, ಉರಿಗಾಂ, ನಂದಿದುರ್ಗ, ಬಾಲಘಾಟ್ ಎಂದು ಗಣಿಯ ಮೇಲೆ ಗಣಿ ತೆರೆದುವು. 1902ರಲ್ಲಿ ಶಿವನಸಮುದ್ರದಿಂದ ಕಾವೇರಿಯ ವಿದ್ಯುತ್ತು ನೂರೈವತ್ತು ಕಿಲೋಮೀಟರಿನಷ್ಟು ದೂರ ತಂತಿಯ ಮೇಲೆ ಬಂದು ಇಲ್ಲಿಯ ಯಂತ್ರಗಳನ್ನು ತಿರುಗಿಸಿದಾಗ, ಬೆಂಗಳೂರಿನ ಬೀದಿಗಳಿಗೆ ಇನ್ನೂ ದೀಪ ಬಂದಿರಲಿಲ್ಲ. ಇದೆಲ್ಲವನ್ನೂ ನಮ್ಮ ಶಾಲೆಯ ಪುಸ್ತಕಗಳು ಅಭಿಮಾನದಿಂದ ಹೇಳುತ್ತವೆ, ಹೇಳತಕ್ಕದ್ದೇ. ಆದರೆ ಆ ಯಂತ್ರಗಳ ಮುಂದೆ ನಿಂತವರು ಯಾರು? ಉತ್ತರ ಆರ್ಕಾಟು ಜಿಲ್ಲೆಯ ಕಡೆಯಿಂದ ಬರಗಾಲಕ್ಕೆ ಹೆದರಿ ಬಂದ ತಮಿಳು ಮಾತಿನವರು, ಚಿತ್ತೂರಿನ ಕಡೆಯ ತೆಲುಗರು, ಸುತ್ತಲ ತಾಲ್ಲೂಕುಗಳ ಕನ್ನಡಿಗರು, ಇವರಲ್ಲಿ ಬಹು ಮಂದಿ ಊರಿನ ಹೊರಗಣ ಕೇರಿಗಳಿಂದ ಬಂದ ದಲಿತರು. ಮೇಲ್ವಿಚಾರಣೆಗೆ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಗಾರರು ಬಂದರು, ಇಟಲಿಯವರೂ ಇದ್ದರು. ಏಳ್ಗೆಯ ದಿನಗಳಲ್ಲಿ ದುಡಿಯುವವರ ಸಂಖ್ಯೆ 25,000ವನ್ನು ಮೀರಿತ್ತು. ಸಾಲುಸಾಲಾಗಿ ಕಟ್ಟಿದ ‘ಲೈನು’ಗಳ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ.

ಇಲ್ಲಿ ಗಣಿಯೊಳಕ್ಕೆ ಇಳಿದು ನೋಡದೆ ಧೂಳಿನ ಮಾತು ಅರ್ಥವಾಗುವುದಿಲ್ಲ. ಮೊದಮೊದಲು ಕಲ್ಲಿಗೆ ಕುಳಿ ತೆಗೆಯುತ್ತಿದ್ದುದು ಕೈಯಿಂದಲೇ. ಒಬ್ಬನು ಉಕ್ಕಿನ ಚಾಣವನ್ನು ಬಂಡೆಗೆ ಆನಿಸಿ ಹಿಡಿದು, ಪ್ರತಿ ಪೆಟ್ಟಿಗೂ ಅಷ್ಟಷ್ಟೇ ತಿರುಗಿಸುತ್ತಿರುವನು. ಮತ್ತೊಬ್ಬನು ಸುತ್ತಿಗೆ ಬೀಸುವನು. ದಿನವೆಲ್ಲ ಕಳೆದರೂ ಕುಳಿ ಕೆಲವು ಅಡಿಗಳನ್ನು ದಾಟುತ್ತಿರಲಿಲ್ಲ. ಪೆಟ್ಟಿನಿಂದ ಬೀಳುತ್ತಿದ್ದುದು ಹೆಚ್ಚಾಗಿ ಚಕ್ಕೆ, ಹರಳು, ಒರಟು ಪುಡಿ. ಒತ್ತಿದ ಗಾಳಿಯಿಂದ ನಡೆಯುವ ಭೈರಿಗೆಯಂತ್ರ ಬಂದಾಗ ಎಲ್ಲವೂ ಬದಲಾಯಿಸಿತು. ನಿಮಿಷಕ್ಕೆ ನೂರಾರು ಪೆಟ್ಟು ಹೊಡೆಯುವ ಆ ಯಂತ್ರವು, ಕಲ್ಲನ್ನು ಚಕ್ಕೆಯಾಗಿ ಒಡೆಯುವುದರ ಬದಲು ಹಿಟ್ಟಾಗಿ ಬೀಸಿ, ಯಂತ್ರದಿಂದ ಹೊರಬೀಳುವ ಗಾಳಿಯ ರಭಸಕ್ಕೆ ಆ ಹಿಟ್ಟನ್ನು ಹಿಡಿದು ನಿಂತವನ ಮುಖಕ್ಕೇ ಊದುತ್ತಿತ್ತು. ಕುಳಿಗೆ ಸಿಡಿಮದ್ದು ತುಂಬಿ ಹಾರಿಸಿದ ಮೇಲೆ ಇಡೀ ಸುರಂಗವೇ ಧೂಳು ಹೊಗೆಗಳಿಂದ ತುಂಬಿಹೋಗುವುದು. ಅದು ಆರುವ ಮೊದಲೇ ಕಲ್ಲು ಬಾಚಲು ಆಳುಗಳು ಒಳಕ್ಕೆ ನುಗ್ಗುವರು. ಬಾಚುವ ಸಲಿಕೆಯ ಒಂದೊಂದು ಎಳೆತಕ್ಕೂ ಮತ್ತೆ ಧೂಳು. ಮೇಲೆ ಬಂದ ಕಲ್ಲನ್ನು ಅರೆಯುವ ಗಿರಣಿಯಲ್ಲಿಯೂ ಅದೇ. ಪಾಳಿ ಮುಗಿಸಿ ತೊಟ್ಟಿಲಲ್ಲಿ ಕುಳಿತು ಮೇಲಕ್ಕೆ ಬಂದವನು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಾಗ ಅವನ ರೆಪ್ಪೆಗಳ ಮೇಲೆ, ಕಿವಿಯ ಸುರುಳಿಯಲ್ಲಿ, ಬೆವರು ಹರಿದ ಗೆರೆಗಳ ನಡುವೆ, ಬೂದಿ ಬಳಿದುಕೊಂಡಂತೆ ಕಾಣುತ್ತಿದ್ದುದು ಆ ಬೆಣಚುಕಲ್ಲಿನ ಹಿಟ್ಟು. ಅದನ್ನು ಅವನು ನೀರಿನಿಂದ ತೊಳೆದುಕೊಳ್ಳಬಲ್ಲನು. ತೊಳೆಯಲಾಗದ್ದು ಒಳಗೆ ಇಳಿದಾಗಿತ್ತು.

ಯಂತ್ರ ಬಂದೊಡನೆ ರೋಗ ಹೇಗೆ ವೇಗವಾಗಿ ಕೊಂದಿತೆಂಬುದಕ್ಕೆ ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲ್ ಚಿನ್ನದ ಗಣಿಗಳು ಸಾಕ್ಷಿ. 1899ರಲ್ಲಿ ಬೋಯರ್ ಯುದ್ಧ ಮೊದಲಾಗಿ ಆ ಗಣಿಗಳು ಮುಚ್ಚಿದುವು. ಯುದ್ಧ ಮುಗಿಯುವ ಹೊತ್ತಿಗೆ ಲೆಕ್ಕ ಹಾಕಿ ನೋಡಿದರೆ, ಯುದ್ಧಕ್ಕೆ ಮುಂಚೆ ಭೈರಿಗೆಯಂತ್ರ ನಡೆಸುತ್ತಿದ್ದ ಬಿಳಿಯರಲ್ಲಿ ಸುಮಾರು ಆರರಲ್ಲಿ ಒಬ್ಬನು ಸತ್ತುಹೋಗಿದ್ದನು. ಗುಂಡಿನಿಂದ ಸತ್ತವರಲ್ಲ ಇವರು, ಉಸಿರು ಸಾಲದೆ ಸತ್ತವರು. ಅವರಲ್ಲಿ ಬಹು ಮಂದಿ ಕಾರ್ನ್‌ವಾಲಿನವರಾಗಿದ್ದುದರಿಂದ ಸಾಯುವುದಕ್ಕಾಗಿಯೇ ತಮ್ಮೂರಿಗೆ ಮರಳಿದ್ದರು. ಅಲ್ಲಿ ಹಾಲ್ಡೇನ್ ಎಂಬ ವಿಜ್ಞಾನಿ ವಿಚಾರಣೆ ನಡೆಸಿ, 1904ರ ವರದಿಯಲ್ಲಿ ಈ ಮರಣಗಳಿಗೆ ಕಲ್ಲಿನ ಧೂಳೇ ಕಾರಣವೆಂದು ತೋರಿಸಿಕೊಟ್ಟನು. 1902ರಲ್ಲಿಯೇ ಟ್ರಾನ್ಸ್‌ವಾಲಿನಲ್ಲಿ ವಿಚಾರಣಾ ಆಯೋಗವೊಂದು ನೇಮಕವಾಯಿತು. 1911ರಿಂದ ಮುಂದಕ್ಕೆ ಪರಿಹಾರದ ಕಾಯಿದೆಗಳಾದುವು. ಅಮೆರಿಕದ ಡೆನ್ವರಿನ ಲೈನರ್ ಎಂಬ ಯಂತ್ರಶಿಲ್ಪಿ 1890ರ ದಶಕದ ಕೊನೆಗೇ ಭೈರಿಗೆಯ ಸರಳನ್ನು ಪೊಳ್ಳಾಗಿ ಮಾಡಿ ಅದರೊಳಗಿನಿಂದ ಗಾಳಿಯನ್ನು ಹಾಯಿಸಿ ನೋಡಿ, ಧೂಳು ಇಮ್ಮಡಿಯಾಗಿ ಕೆಲಸಗಾರರು ತಿರುಗಿಬಿದ್ದ ಮೇಲೆ, ಗಾಳಿಯ ಬದಲು ನೀರನ್ನು ಹಾಯಿಸುವ ಉಪಾಯವನ್ನು ಕಂಡುಹಿಡಿದಿದ್ದನು. ಕುಳಿಯ ತುದಿಯಲ್ಲಿ ಹುಟ್ಟಿದ ಹಿಟ್ಟು ಹುಟ್ಟಿದಲ್ಲಿಯೇ ನೆನೆದು ಕೆಸರಾಗಿ ಹೊರಗೆ ಹರಿದುಬರುತ್ತದೆ. ಗಾಳಿಗೆ ಏರಲು ಅದಕ್ಕೆ ಅವಕಾಶವೇ ಇಲ್ಲ. ಇಷ್ಟು ಸರಳವಾದ, ಇಷ್ಟು ಉಪಕಾರಿಯಾದ ಕಲ್ಪನೆ ಗಣಿಗಾರಿಕೆಯ ಇತಿಹಾಸದಲ್ಲಿ ಮತ್ತೊಂದಿಲ್ಲವೆಂದೇ ನಾನು ಭಾವಿಸುತ್ತೇನೆ.

ಆದುದರಿಂದ ನಾವು ಕೇಳಬೇಕಾದ ಪ್ರಶ್ನೆ ಇದು: ಕಾರ್ನ್‌ವಾಲಿನ ಮನೆಮನೆಯಲ್ಲಿ ಈ ಸಾವು ಗೊತ್ತಿದ್ದು, ಆ ಕಾರ್ನ್‌ವಾಲಿನವರೇ ಕೋಲಾರದ ಸುರಂಗಗಳಲ್ಲಿ ಅಧಿಕಾರಿಗಳಾಗಿದ್ದು, ಲಂಡನ್ನಿನಿಂದ ಎಲ್ಲ ದೇಶಗಳ ಗಣಿವಾರ್ತೆಗಳೂ ಬರುತ್ತಿದ್ದು, ಕೋಲಾರದಲ್ಲಿ ಈ ರೋಗ ಉಂಟೆಂದು ಒಪ್ಪಿಕೊಳ್ಳುವುದಕ್ಕೆ 1940ರ ದಶಕದವರೆಗೆ ಏಕೆ ಕಾಯಬೇಕಾಯಿತು? ಬಹು ಕಾಲ ಅಲ್ಲಿ ನೆಲಸಿದ್ದ ನಂಬಿಕೆಯೆಂದರೆ, ಕೋಲಾರದಲ್ಲಿ ಸಿಲಿಕೋಸಿಸ್ ಇಲ್ಲವೆಂಬುದು. ಚಿನ್ನದ ನಾಳವನ್ನು ಸುತ್ತಿಕೊಂಡಿರುವ ಕಪ್ಪುಶಿಲೆಯ ಧೂಳು ಬೆಣಚುಕಲ್ಲಿನ ಧೂಳಿನೊಡನೆ ಬೆರೆತು ಅದರ ವಿಷವನ್ನು ಮುರಿಯುತ್ತದೆಂದು ಸಿದ್ಧಾಂತ ಕಟ್ಟಿದ ಪಂಡಿತರೂ ಉಂಟು. ಇಂತಹ ಆಲೋಚನೆಯ ಬಳ್ಳಿ ಎಲ್ಲಿಯವರೆಗೆ ಹಬ್ಬಿತೆಂದರೆ, ಕೆನಡದ ಕೆಲವು ಗಣಿಗಳಲ್ಲಿ 1940ರ ದಶಕದಿಂದ ಮೊದಲುಗೊಂಡು ಹಲವಾರು ವರ್ಷಗಳವರೆಗೆ, ಪಾಳಿಗೆ ಇಳಿಯುವ ಮುನ್ನ ಕೆಲಸಗಾರರನ್ನು ಕೋಣೆಯಲ್ಲಿ ಕೂಡಿಸಿ ಅಲ್ಯೂಮಿನಿಯಂ ಪುಡಿಯನ್ನು ಉಸಿರಾಡಿಸುತ್ತಿದ್ದರು. ಅದರಿಂದ ಯಾವ ರಕ್ಷಣೆಯೂ ಆಗಲಿಲ್ಲ. ಧೂಳನ್ನು ಗಾಳಿಯಿಂದ ತೆಗೆಯುವುದಕ್ಕಿಂತ ಮನುಷ್ಯನ ಎದೆಗೆ ಇನ್ನೊಂದು ಧೂಳನ್ನು ತುಂಬುವುದು ಸುಲಭವೆಂದು ತೋರಿದ ಕಾಲ ಅದು.

ಕೋಲಾರದಲ್ಲಿ ರೋಗ ಕಾಣಿಸದೆ ಇದ್ದುದಕ್ಕೆ ಶಿಲೆಯ ಗುಣ ಕಾರಣವಲ್ಲ; ನೋಡುವ ರೀತಿ ಕಾರಣ. ಬಂಡೆ ಸಿಡಿದು ಸತ್ತವನು ಅಂದೇ ಲೆಕ್ಕಕ್ಕೆ ಸಿಗುತ್ತಾನೆ. ಅವನ ಹೆಣ ಮೇಲಕ್ಕೆ ಬರುತ್ತದೆ, ಪಂಚಾಯ್ತಿ ನಡೆಯುತ್ತದೆ, ವರದಿಯಲ್ಲಿ ಒಂದು ಸಾಲು ಬರೆಯುತ್ತಾರೆ. ಧೂಳು ಕೊಲ್ಲುವುದು ಹತ್ತು, ಹದಿನೈದು ವರ್ಷಗಳ ಮೇಲೆ. ಅಷ್ಟರಲ್ಲಿ ಭೈರಿಗೆ ಹಿಡಿಯುವ ಶಕ್ತಿ ಕುಂದಿದವನು, ಮೇಸ್ತ್ರಿಯ ಮಾತಿನಲ್ಲಿ ‘ಕೆಲಸಕ್ಕೆ ಬಾರದವನು’ ಆಗಿ, ಲೈನಿನ ಕೋಣೆಯನ್ನು ಬಿಟ್ಟುಕೊಟ್ಟು, ತಟ್ಟೆ ಲೋಟ ಕಟ್ಟಿಕೊಂಡು ಆರ್ಕಾಟಿನ ತನ್ನ ಹಳ್ಳಿಗೆ ರೈಲು ಹತ್ತಿರುತ್ತಾನೆ. ಅಲ್ಲಿ ಅವನು ಕೆಮ್ಮಿ ಕೆಮ್ಮಿ ಸತ್ತರೆ ಹಳ್ಳಿಯವರು ಕ್ಷಯವೆನ್ನುತ್ತಾರೆ, ಉಬ್ಬಸವೆನ್ನುತ್ತಾರೆ, ಕುಡಿತವೆನ್ನುತ್ತಾರೆ. ಕೋಲಾರದ ಆಸ್ಪತ್ರೆಯ ದಾಖಲೆಯಲ್ಲಿ ಅವನ ಹೆಸರಿನ ಮುಂದೆ ಏನೂ ಇರುವುದಿಲ್ಲ. ಟ್ರಾನ್ಸ್‌ವಾಲಿನಲ್ಲಿಯೂ ಹೀಗೆಯೇ ಆಯಿತಷ್ಟೆ: ಬಿಳಿಯ ಗಣಿಗಾರನಿಗೆ ಕಾಲಕಾಲಕ್ಕೆ ಪರೀಕ್ಷೆ, ಪರಿಹಾರ, ದೂರದ ಹಾಡಿಗಳಿಂದ ಬಂದ ಕರಿಯ ಕೂಲಿಗೆ ಊರಿಗೆ ಮರಳುವ ಟಿಕೀಟು. ಎಲ್ಲಿ ದುಡಿಯುವವನ ಮನೆ ಗಣಿಯಿಂದ ದೂರವಿತ್ತೋ ಅಲ್ಲೆಲ್ಲ ಗಣಿಯ ಲೆಕ್ಕಪುಸ್ತಕ ಶುಭ್ರವಾಗಿತ್ತು.

1930ನೆಯ ಇಸವಿಯನ್ನು ಒಂದು ಕ್ಷಣ ನಿಂತು ನೋಡುವುದು ಒಳ್ಳೆಯದು. ಆ ವರ್ಷದ ಆಗಸ್ಟಿನಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಆಶ್ರಯದಲ್ಲಿ ನಾನಾ ದೇಶಗಳ ವೈದ್ಯರು ಜೋಹಾನ್ಸ್‌ಬರ್ಗಿನಲ್ಲಿ ಕೂಡಿ, ಸಿಲಿಕೋಸಿಸ್ ಎಂದರೇನು, ಅದರ ಹಂತಗಳಾವುವು, ಎಕ್ಸ್‌ರೇ ಫಲಕದಲ್ಲಿ ಅದನ್ನು ಹೇಗೆ ಗುರುತಿಸಬೇಕು ಎಂಬುದನ್ನೆಲ್ಲ ಚರ್ಚಿಸಿ ನಿಶ್ಚಯಿಸಿದರು. ಅದೇ ವರ್ಷದ ಏಪ್ರಿಲ್ಲಿನಲ್ಲಿ ಕೋಲಾರದ ಗಣಿಗಳಲ್ಲಿ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದ್ದರು. ಕಾರಣ, ದುಡಿಯುವ ಪ್ರತಿಯೊಬ್ಬನೂ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಿಕೊಳ್ಳಬೇಕೆಂಬ ಹೊಸ ಆಜ್ಞೆ. ಕಳ್ಳರನ್ನು ಕಾಣುವಂತೆ ತಮ್ಮನ್ನು ಕಾಣುತ್ತಿದ್ದಾರೆಂದು ಅವರು ನೊಂದಿದ್ದರು; ನೋಯಲು ಕಾರಣವೂ ಇತ್ತು, ಏಕೆಂದರೆ ಚಿನ್ನದ ಕಣವೊಂದು ಕಾರ್ಮಿಕನ ಮೈಮೇಲೆ ಹೊರಗೆ ಹೋಗದಂತೆ ನೋಡಿಕೊಳ್ಳಲು ಕಾಯಿದೆ, ಪೊಲೀಸು, ಝಡತಿ, ಕಾವಲು ಎಲ್ಲವೂ ದಶಕಗಳಿಂದ ಸಿದ್ಧವಾಗಿದ್ದುವು. ಹೊರಗೆ ಹೋಗುವ ಕಣಕ್ಕಾಗಿ ಅವನ ಮೈಯನ್ನು ಇಷ್ಟು ಶ್ರದ್ಧೆಯಿಂದ ಶೋಧಿಸಿದವರು, ಒಳಗೆ ಹೋಗುವ ಕಣಕ್ಕಾಗಿ ಅವನ ಎದೆಯನ್ನು ಒಮ್ಮೆಯೂ ಶೋಧಿಸಲಿಲ್ಲವೆಂಬುದು ನನ್ನನ್ನು ಇಂದಿಗೂ ಕಲಕುತ್ತದೆ.

ಶೋಧಿಸುವ ಕಾಲವೂ ಕೊನೆಗೆ ಬಂದಿತು. ಕಾರ್ಮಿಕರ ಸಂಘಟನೆ ಬಲಿಯುತ್ತಿದ್ದ, ಮೈಸೂರು ಸಂಸ್ಥಾನದಲ್ಲಿ ಕಾರ್ಮಿಕ ಪರಿಹಾರದ ವ್ಯವಸ್ಥೆಗೆ ಸಿಲಿಕೋಸಿಸ್ಸನ್ನೂ ಸೇರಿಸಿಕೊಂಡ ಆ 1940ರ ದಶಕದಲ್ಲಿ, ಗಣಿಗಳ ಕಾರ್ಮಿಕರನ್ನು ಒಬ್ಬೊಬ್ಬರನ್ನಾಗಿ ಎಕ್ಸ್‌ರೇ ಯಂತ್ರದ ಮುಂದೆ ನಿಲ್ಲಿಸಿ ಪರೀಕ್ಷಿಸಿದರು. ಕ್ಯಾಪ್ಲಾನ್ ಮತ್ತು ಬರ್ಡನ್ ಎಂಬವರು 1947ರಲ್ಲಿ ಆ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದಾಗ ಕೋಲಾರದಲ್ಲಿ ರೋಗವಿಲ್ಲವೆಂಬ ನಂಬಿಕೆ ಒಂದೇ ಏಟಿಗೆ ಬಿದ್ದುಹೋಯಿತು. ಪರೀಕ್ಷಿಸಿದ 7,600ಕ್ಕೂ ಮೇಲ್ಪಟ್ಟ ಕಾರ್ಮಿಕರಲ್ಲಿ ನೂರಕ್ಕೆ 40ಕ್ಕಿಂತಲೂ ಹೆಚ್ಚು ಮಂದಿಯ ಶ್ವಾಸಕೋಶಗಳಲ್ಲಿ ಸಿಲಿಕೋಸಿಸ್ ಕಂಡುಬಂದಿತ್ತು. ಭಾರತದಲ್ಲಿ ಈ ರೋಗದ ಮೊದಲ ದೊಡ್ಡ ದಾಖಲೆಯೆಂದು ಇಂದಿಗೂ ವೈದ್ಯಗ್ರಂಥಗಳು ಹೆಸರಿಸುವುದು ಇದನ್ನೇ. ಫಲಕವನ್ನು ಬೆಳಕಿಗೆ ಹಿಡಿದರೆ, ಎರಡು ಪಕ್ಕದ ಪಕ್ಕೆಲುಬುಗಳ ನಡುವೆ ಕಪ್ಪಾಗಿ ಕಾಣಬೇಕಾದ ಎಡೆಯಲ್ಲೆಲ್ಲ, ರಾಗಿಯ ಕಾಳನ್ನು ಚೆಲ್ಲಿದಂತೆ ಬಿಳಿಯ ಚುಕ್ಕೆಗಳು. ರೋಗ ಬಲಿತವನಲ್ಲಿ ಆ ಕಾಳುಗಳೇ ಒಂದಕ್ಕೊಂದು ಅಂಟಿಕೊಂಡು ಮೋಡದಂತೆ ಹೆಪ್ಪುಗಟ್ಟಿರುವುವು. ಆ ನೂರರಲ್ಲಿ ನಲವತ್ತು ಮಂದಿ ಆ ಹೊತ್ತಿಗೆ ಇನ್ನೂ ಕೆಲಸದಲ್ಲಿದ್ದವರೆಂಬುದನ್ನು ಮರೆಯಬಾರದು. ಅದಕ್ಕೆ ಹಿಂದಿನ ಅರವತ್ತು ವರ್ಷಗಳಲ್ಲಿ ಕೆಲಸ ಬಿಟ್ಟು ಊರು ಸೇರಿದವರ ಎದೆಯ ಫಲಕಗಳನ್ನು ಯಾರೂ ತೆಗೆದಿರಲಿಲ್ಲ.

ರೋಗವನ್ನು ಒಪ್ಪಿಕೊಂಡ ಮೇಲೆ ರಕ್ಷಣೆಯ ಮಾತು. ರಕ್ಷಣೆಯ ಸಾಧನಗಳು ಎರಡೇ, ನೀರು ಮತ್ತು ಗಾಳಿ. ಮುಖಕ್ಕೆ ಕಟ್ಟುವ ಬಟ್ಟೆ ಇವೆರಡರ ಜಾಗವನ್ನು ತುಂಬಲಾರದು. ನೀರು ಹಾಯುವ ಭೈರಿಗೆಯಿಂದಲೇ ಕುಳಿ ತೆಗೆಯುವುದು, ಸಿಡಿಸಿದ ಕಲ್ಲಿನ ರಾಶಿಯ ಮೇಲೂ ಸುರಂಗದ ಗೋಡೆಗಳ ಮೇಲೂ ನೀರು ಚಿಮುಕಿಸುವುದು, ಸಿಡಿಸಿದ ಮೇಲೆ ಧೂಳು ಹೊಗೆ ಹೊರಹೋಗುವಷ್ಟು ಹೊತ್ತು ಯಾರನ್ನೂ ಒಳಕ್ಕೆ ಬಿಡದಿರುವುದು, ಬೀಸಣಿಗೆಗಳಿಂದ ಹೊಸ ಗಾಳಿಯನ್ನು ಕೆಲಸದ ಮುಖದವರೆಗೂ ತಲಪಿಸುವುದು, ಕಲ್ಲು ಅರೆಯುವ ಕಡೆ ಧೂಳನ್ನು ಹುಟ್ಟಿದಲ್ಲೇ ಹೀರಿಕೊಳ್ಳುವುದು. ಹೇಳುವುದಕ್ಕೆ ಇಷ್ಟು ಸುಲಭ. ಕೋಲಾರದ ಆಳಕ್ಕೆ ಇಳಿದರೆ ಇದರಲ್ಲಿ ಎಷ್ಟು ತೊಡಕುಗಳಿದ್ದುವೆಂಬುದು ತಿಳಿಯುತ್ತದೆ. ಚಾಂಪಿಯನ್ ರೀಫ್ ಗಣಿ ಕಟ್ಟಕಡೆಗೆ ಮೂರು ಕಿಲೋಮೀಟರನ್ನೂ ಮೀರಿ ಕೆಳಕ್ಕೆ ಹೋಯಿತು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ಸಿಗೂ ಹೆಚ್ಚು. ಅಂತಹ ಬಂಡೆಯ ಮೇಲೆ ನೀರು ಚಿಮುಕಿಸಿದರೆ ಧೂಳು ಅಡಗುತ್ತದೆ, ನಿಜ. ಆದರೆ ನೀರು ಹಬೆಯಾಗಿ ಗಾಳಿಯಲ್ಲಿ ತುಂಬಿಕೊಂಡು, ಮೈಯ ಬೆವರು ಆರದೆ, ದುಡಿಯುವವನು ಸೆಕೆಯಿಂದಲೇ ಕುಸಿದು ಬೀಳುವ ಭಯ. ಧೂಳಿನಿಂದ ಕಾಪಾಡಹೋದರೆ ಸೆಕೆ, ಸೆಕೆಯಿಂದ ಕಾಪಾಡಹೋದರೆ ಧೂಳು. ಆದುದರಿಂದಲೇ ಅಲ್ಲಿ ಗಾಳಿಯನ್ನು ತಂಪುಮಾಡಿ ಒಣಗಿಸಿ ಕೆಳಕ್ಕೆ ಕಳಿಸುವ ಯಂತ್ರಾಗಾರವನ್ನು 1930ರ ದಶಕದ ಕೊನೆಯ ವೇಳೆಗೆ ಕಟ್ಟಬೇಕಾಯಿತು; ಜಗತ್ತಿನಲ್ಲಿಯೇ ಅಂತಹ ಯಂತ್ರಾಗಾರಗಳು ಆಗ ಬೆರಳೆಣಿಕೆಯಷ್ಟಿದ್ದುವು.

ಇನ್ನೊಂದು ತೊಡಕು ಕೂಲಿಯ ಲೆಕ್ಕದ್ದು. ಕುಳಿಯ ಆಳಕ್ಕೆ ತಕ್ಕಂತೆ ಕೂಲಿಯಾದರೆ, ನೀರಿನ ಕೊಳವೆ ಕಟ್ಟಿಕೊಂಡು ಒದ್ದೆಯಾಗಿ ನಿಧಾನವಾಗಿ ಕೆಲಸ ಮಾಡುವುದಕ್ಕಿಂತ ನೀರನ್ನು ನಿಲ್ಲಿಸಿ ಬೇಗ ಮುಗಿಸುವುದೇ ಮೇಲೆಂದು ಕೆಲಸಗಾರನಿಗೆ ತೋರುವುದು ಸಹಜ. ಈ ಕಷ್ಟ ಟ್ರಾನ್ಸ್‌ವಾಲಿನಲ್ಲಿಯೂ ಇತ್ತು, ಕಾರ್ನ್‌ವಾಲಿನಲ್ಲಿಯೂ ಇತ್ತು. ಅದನ್ನು ಹಿಡಿದು ‘ತಮ್ಮ ಜೀವದ ಮೇಲೆ ಅವರಿಗೇ ಎಚ್ಚರವಿಲ್ಲ’ ಎಂದು ಆಕ್ಷೇಪಿಸಿದವರು ಎಲ್ಲ ದೇಶಗಳಲ್ಲಿಯೂ ಉಂಟು. ಆ ಆಕ್ಷೇಪವನ್ನು ನಾನು ಒಪ್ಪಲಾರೆ. ಹದಿನೈದು ವರ್ಷಗಳ ಮೇಲೆ ಬರುವ ಸಾವಿಗೂ ಈ ವಾರದ ಬಟವಾಡೆಗೂ ನಡುವೆ ಆರಿಸಿಕೊಳ್ಳೆಂದು ಮಕ್ಕಳೊಂದಿಗನಿಗೆ ಹೇಳುವುದು ನ್ಯಾಯವಲ್ಲ. ಒದ್ದೆಯಾಗಿ ದುಡಿದವನಿಗೂ ಅಷ್ಟೇ ಕೂಲಿ ಸಿಗುವಂತೆ ಏರ್ಪಡಿಸುವುದೂ, ನೀರಿಲ್ಲದೆ ತಿರುಗದಂತೆ ಯಂತ್ರವನ್ನು ರಚಿಸುವುದೂ, ಯಂತ್ರಕ್ಕೆ ಒಡೆಯನಾದವನ ಕರ್ತವ್ಯ. ಗಾಳಿಯಲ್ಲಿ ಎಷ್ಟು ಧೂಳಿದೆಯೆಂದು ಅಳೆಯುವುದು ಸಹ ಅಂತಹುದೇ ಕರ್ತವ್ಯ. ಒಂದು ಸಣ್ಣ ಪಂಪಿನಿಂದ ಗಾಳಿಯನ್ನು ಅಂಟುಬಳಿದ ಗಾಜಿನ ಮೇಲೆ ಚಿಮ್ಮಿಸಿ, ಅಂಟಿಕೊಂಡ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವ ‘ಕೋನಿಮೀಟರ್’ ಎಂಬ ಉಪಕರಣವು ದಕ್ಷಿಣ ಆಫ್ರಿಕದಲ್ಲಿ ಮೊದಲನೆಯ ಮಹಾಯುದ್ಧದ ಕಾಲಕ್ಕೇ ಬಂದಿತ್ತು. ಎಣಿಸಿದ ಮೇಲೆ ಮಾತ್ರ ನೀರು ಸಾಕೆ, ಗಾಳಿ ಸಾಕೆ ಎಂಬುದು ತಿಳಿಯುತ್ತದೆ.

ಕಾಯಿದೆಯ ದಾರಿಯನ್ನು ಬೇಗನೆ ಹೇಳಿ ಮುಗಿಸಬಹುದು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1934ರಲ್ಲಿ ಪರಿಹಾರಕ್ಕೆ ಅರ್ಹವಾದ ಕಸುಬಿನ ರೋಗಗಳ ಪಟ್ಟಿಗೆ ಸಿಲಿಕೋಸಿಸ್ಸನ್ನು ಸೇರಿಸಿತು; ಭಾರತ ಆ ಒಡಂಬಡಿಕೆಗೆ 1964ರಲ್ಲಿ ಸಮ್ಮತಿಯಿತ್ತಿತು. ಅದಕ್ಕೆ ಮುಂಚೆಯೇ 1948ರ ಕಾರ್ಖಾನೆಗಳ ಕಾಯಿದೆಯೂ 1952ರ ಗಣಿಗಳ ಕಾಯಿದೆಯೂ ಈ ರೋಗವನ್ನು ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸತಕ್ಕ ರೋಗಗಳ ಸಾಲಿಗೆ ತಂದಿದ್ದುವು. ಲೋಹಗಣಿಗಳ ನಿಯಮಗಳಲ್ಲಿ ಗಾಳಿಯ ಧೂಳಿಗೆ ಮಿತಿಯೂ ಉಂಟು: ಧೂಳಿನಲ್ಲಿ ಸಿಲಿಕ ಹೆಚ್ಚಿದಷ್ಟೂ ಮಿತಿ ಕಡಿಮೆ, 15ನ್ನು ಸಿಲಿಕದ ಶೇಕಡಾ ಪ್ರಮಾಣದಿಂದ ಭಾಗಿಸಿದರೆ ಒಂದು ಘನಮೀಟರು ಗಾಳಿಯಲ್ಲಿ ಇರಬಹುದಾದ ಮಿಲಿಗ್ರಾಮು ಬರುತ್ತದೆ. ಧೂಳಿನಲ್ಲಿ ಅರ್ಧದಷ್ಟು ಸಿಲಿಕವಿದ್ದರೆ ಆ ಮಿತಿ ಒಂದು ಮಿಲಿಗ್ರಾಮಿನ ಮೂರನೆಯ ಒಂದು ಪಾಲಿಗೂ ಕಡಿಮೆ. ಅದು ಕಣ್ಣಿಗೆ ಕಾಣುವ ಧೂಳಲ್ಲ. ಕೋಲಾರದ ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೂ, 1962ರಲ್ಲಿ ಕೇಂದ್ರಕ್ಕೂ ಸೇರಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿಯಾಗಿ, ಚಿನ್ನದ ಸಾಂದ್ರತೆ ಕುಂದುತ್ತ ಬಂದು, 2001ರ ಫೆಬ್ರವರಿ 28ರಂದು ಮುಚ್ಚಿದುವು. ಗಣಿ ಮುಚ್ಚಿದರೆ ರೋಗ ಮುಚ್ಚುವುದಿಲ್ಲ. ಎದೆಯಲ್ಲಿ ಸೇರಿದ ಕಣ ಅಲ್ಲಿಯೇ ಇದ್ದು, ಭೈರಿಗೆ ಕೆಳಗಿಟ್ಟ ವರ್ಷಗಳ ಮೇಲೂ ತನ್ನ ಕೆಲಸವನ್ನು ನಡೆಸುತ್ತದೆ. ಅರೆದು ಚಿನ್ನ ತೆಗೆದ ಕಲ್ಲಿನ ಬೂದುಬಣ್ಣದ ಹಿಟ್ಟನ್ನು ಸುರಿದ ಸೈನೈಡ್ ಗುಡ್ಡಗಳು ಊರಿನ ನಡುವೆ ಹಾಗೆಯೇ ನಿಂತಿವೆ. ಗಾಳಿಯ ತಿಂಗಳುಗಳಲ್ಲಿ ಆ ಹಿಟ್ಟು ಎದ್ದು ಲೈನುಗಳ ಹೊಸ್ತಿಲಿನ ಮೇಲೂ ನೀರಿನ ಕೊಡದ ಮೇಲೂ ಕೂರುತ್ತದೆ. ಗಣಿಯನ್ನು ಎಂದೂ ಕಾಣದ ಮಕ್ಕಳು ಅಲ್ಲಿ ಆಡುತ್ತಾರೆ.

ಕೋಲಾರದಲ್ಲಿ ಕಲಿತ ಪಾಠ ಉಳಿದ ಕಸುಬುಗಳಿಗೆ ಹೋಗಲಿಲ್ಲವೆಂಬುದು ನನ್ನ ದೊಡ್ಡ ಕೊರಗು. ಮಧ್ಯಪ್ರದೇಶದ ಮಂದಸೌರಿನಲ್ಲಿ ಶಾಲೆಯ ಮಕ್ಕಳ ಸ್ಲೇಟಿನ ಕಡ್ಡಿಗಳನ್ನು ಯಂತ್ರದ ಗರಗಸದಿಂದ ಕೊಯ್ಯುತ್ತಿದ್ದವರನ್ನು ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಈ ರೋಗವಿತ್ತು. ಅಕ್ಷರ ಕಲಿಸುವ ಕಡ್ಡಿ ಅದು. ನಮ್ಮ ಕೋಲಾರ ಜಿಲ್ಲೆಯಲ್ಲಿಯೇ, ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ, ತಲೆಮಾರುಗಳಿಂದ ವಿಗ್ರಹ ಕೆತ್ತುವ ಶಿಲ್ಪಿಗಳಿದ್ದಾರೆ. ಉಳಿ ಸುತ್ತಿಗೆಗಳಿಂದ ಕೆತ್ತುವಾಗ ಬೀಳುತ್ತಿದ್ದುದು ಚಕ್ಕೆ. ವಿದ್ಯುತ್ತಿನ ಕಟಿಂಗ್ ಮಷೀನು ಬಂದ ಮೇಲೆ ಏಳುವುದು ಹಿಟ್ಟು. ನೂರು ವರ್ಷಗಳ ಹಿಂದೆ ಚಾಣದಿಂದ ಭೈರಿಗೆಗೆ ದಾಟಿದಾಗ ಗಣಿಯಲ್ಲಿ ಆದದ್ದೇ ಈಗ ಇಂತಹ ಕೊಟ್ಟಿಗೆಗಳಲ್ಲಿ, ಜಲ್ಲಿ ಕ್ರಷರುಗಳಲ್ಲಿ, ಗ್ರಾನೈಟು ಪಾಲಿಷು ಮಾಡುವ ಷೆಡ್ಡುಗಳಲ್ಲಿ ಆಗುತ್ತಿದೆ. ಬೆಣಚುಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಮಾಡುವ ಕೃತಕ ಕಲ್ಲಿನ ಹಲಗೆಗಳನ್ನು, ಕೊಯ್ಯುವ ಯುವಕರು ಕೆಲವೇ ವರ್ಷಗಳಲ್ಲಿ ಉಸಿರು ಕಳೆದುಕೊಳ್ಳುತ್ತಿದ್ದುದನ್ನು ಕಂಡು, ಆಸ್ಟ್ರೇಲಿಯ 2024ರ ಜುಲೈ 1ರಿಂದ ನಿಷೇಧಿಸಿಯೇಬಿಟ್ಟಿತು.

ಇದನ್ನು ಓದುವವರಲ್ಲಿ ಅನೇಕರು ಎಂದಾದರೊಂದು ದಿನ ಮನೆ ಕಟ್ಟಿಸುತ್ತೀರಿ, ಅಡುಗೆಮನೆಗೆ ಗ್ರಾನೈಟು ಹಾಕಿಸುತ್ತೀರಿ. ಅಂಗಳದಲ್ಲಿ ಒಬ್ಬ ಹುಡುಗ ಬಾಯಿಗೆ ಟವಲು ಸುತ್ತಿಕೊಂಡು ಕುಕ್ಕರುಗಾಲಿನಲ್ಲಿ ಕುಳಿತು ಮಷೀನಿನಿಂದ ಕಲ್ಲು ಕೊಯ್ಯುತ್ತಾನೆ. ಬಿಳಿಯ ಮೋಡವೆದ್ದು ಅವನ ಹುಬ್ಬು, ಕೂದಲು, ಅಂಗಿಗಳೆಲ್ಲ ಬೆಳ್ಳಗಾಗುತ್ತವೆ. ಟವಲು ಆ ಸೂಕ್ಷ್ಮಕಣವನ್ನು ತಡೆಯುವುದಿಲ್ಲ. ಅಂದು ನೀವು ಮಾಡಬೇಕಾದುದು ಇಷ್ಟೆ: ಕೊಯ್ಯುವ ಮುನ್ನವೇ ಮೇಸ್ತ್ರಿಯನ್ನು ಕರೆದು, ಅಲಗಿಗೆ ನೀರು ಬಿಡುವ ಮಷೀನನ್ನೇ ತರಬೇಕೆಂದು ಹೇಳಿ, ಕೊಳಾಯಿಯಿಂದ ಒಂದು ಪೈಪನ್ನು ಅಲ್ಲಿಯವರೆಗೆ ಎಳೆಸಿಕೊಡಿ. ನೆನೆಸಿ ಕೊಯ್ದರೆ ಹೊತ್ತು ಹೆಚ್ಚು ಹಿಡಿಯುತ್ತದೆ, ಅಂಗಳ ಕೆಸರಾಗುತ್ತದೆ. ಆ ಹೊತ್ತಿನ ಕೂಲಿಯನ್ನೂ ಸೇರಿಸಿ ಕೊಡಿ.